ತಲೆಯಾಡಿಸುವ ಗುಂಪು

ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಭದ್ರಾವತಿ ನ್ಯೂಟೌನಿನ ನಮ್ಮ ಹೈಸ್ಕೂಲು, ಒಂಬತ್ತನೇ ತರಗತಿ ಬಿ ವಿಭಾಗ. ಹಾಜರಿದ್ದವರು: ನಲವತ್ತೊಂದು ಮಕ್ಕಳು, ಇಲಾಖೆಯಿಂದ ಪಾಠ ನೋಡಲು ಬಂದ ವಿಷಯ ಪರಿವೀಕ್ಷಕರು, ಹೆಡ್‌ಮಾಸ್ಟರು ಮತ್ತು ನಾನು. ಗೈರುಹಾಜರು: ನಾಗರಾಜ ಎಂಬ ಹುಡುಗ ಮತ್ತು ನನ್ನ ಧೈರ್ಯ.

ಎಲ್ಲವನ್ನೂ ಹೀಗೆ ವೇಳೆ, ಹಾಜರಿ ಸಮೇತ ಬರೆದಿಡುವುದು ನನ್ನ ಸ್ವಭಾವ. ಸಮಾಜ ವಿಜ್ಞಾನ ಕಲಿಸುತ್ತ ಮೂವತ್ತೊಂದು ವರ್ಷ ಕಳೆದಿದ್ದೇನೆ. ಒಂದು ದಿನವೂ ಗಂಟೆ ಹೊಡೆದ ಮೇಲೆ ತರಗತಿಗೆ ಕಾಲಿಟ್ಟವಳಲ್ಲ. ನಮ್ಮ ಮನೆಯಲ್ಲಿ ತಿಂಡಿಗೂ ವೇಳಾಪಟ್ಟಿ ಇದೆ. ಬುಧವಾರ ಉಪ್ಪಿಟ್ಟು ತಿನ್ನಬೇಕೆನ್ನಿಸಿದರೆ ನಮ್ಮ ಯಜಮಾನರು ಶನಿವಾರದವರೆಗೆ ಕಾಯುತ್ತಾರೆ. ಇಂಥವಳನ್ನು ಶಿವಮೊಗ್ಗದಲ್ಲಿ ಐದು ದಿನ ತರಬೇತಿಗೆ ಕೂರಿಸಿ, ಮಕ್ಕಳಿಗೆ ಪ್ರಶ್ನಿಸುವುದನ್ನು ಕಲಿಸಿ ಎಂದುಬಿಟ್ಟರು. ಕೈಯಲ್ಲಿರುವ ಕಾಗದ ಯಾವುದೇ ಆಗಲಿ, ನಾಲ್ಕು ಪ್ರಶ್ನೆ ಕೇಳಬೇಕಂತೆ. ಇದನ್ನು ಬರೆದವರು ಯಾರು? ಯಾಕೆ ಬರೆದರು? ಇದರಿಂದ ಯಾರಿಗೆ ಲಾಭ? ಏನನ್ನು ಹೇಳದೆ ಬಿಟ್ಟಿದ್ದಾರೆ?

ನಾನು ಗುರುವಾರದ ಒಂದು ಪೀರಿಯಡ್ಡನ್ನು ಇದಕ್ಕೇ ಮೀಸಲಿಟ್ಟು ಮರುವಾರವೇ ಜಾರಿಗೆ ತಂದೆ. ಅಂದರೆ, ನೋಟ್ಸ್ ಬರೆಸಿದೆ. “ಬರೆದುಕೊಳ್ಳಿ. ಅಚ್ಚಾದದ್ದನ್ನೆಲ್ಲ ಕಣ್ಣುಮುಚ್ಚಿ ನಂಬಬಾರದು. ಕೆಳಗೆ ಗೆರೆ ಎಳೆಯಿರಿ.” ಎಲ್ಲರೂ ಗೆರೆ ಎಳೆದರು. ಯಾಕೆ ನಂಬಬಾರದು ಎಂದು ಒಬ್ಬರೂ ಕೇಳಲಿಲ್ಲ. ಪಾಠ ಚೆನ್ನಾಗಿ ಇಳಿದಿದೆ ಎಂದು ನನಗೆ ಬಹಳ ಸಮಾಧಾನವಾಯಿತು.

ಆದರೆ ಮಕ್ಕಳು ಶಾಲೆಯ ಹೊರಗೆ ಬೇರೆಯೇ ಆಗಿದ್ದರು. ಕಾಗದ ಕಾರ್ಖಾನೆಯ ಕಾಗದನಗರ ಕ್ವಾರ್ಟರ್ಸಿನಿಂದ ಒಬ್ಬ ತಂದೆ ಸೈಕಲ್ಲೇರಿ ಬಂದರು. “ಏನ್ ಕಲಿಸ್ತಿದೀರಿ ಮೇಡಂ? ರೇಷನ್ ಅಂಗಡೀಲಿ ಬೋರ್ಡ್ ಮುಂದೆ ನಿಂತ್ಕೊಂಡು, ಇದನ್ ಯಾರು ಬರೆಸಿದ್ದು, ಏನ್ ಬಿಟ್ಟಿದಾರೆ ಅಂತಾನೆ ನನ್ ಮಗ. ಕ್ಯೂನಲ್ಲಿ ಹಿಂದಿದ್ದೋರು ನಂಗೆ ಬೈತಾರೆ!” ಹೆಡ್‌ಮಾಸ್ಟರಿಗೆ ಇಷ್ಟು ಸಾಕಾಯಿತು. ಮೊದಲೇ ಗಣಿತದ ಮೇಷ್ಟ್ರು ನನ್ನ ಗುರುವಾರದ ಪೀರಿಯಡ್ಡಿನ ಮೇಲೆ ಕಣ್ಣಿಟ್ಟಿದ್ದರು. “ನೋಡಿ ಮೇಡಂ, ಬರೋ ಗುರುವಾರ ಪರಿವೀಕ್ಷಕರು ಬರ್ತಾರೆ. ಅವ್ರು ಹೂಂ ಅಂದ್ರೆ ನಿಮ್ಮ ಪೀರಿಯಡ್ ಉಳೀತು. ಊಹೂಂ ಅಂದ್ರೆ ಗಣಿತಕ್ಕೆ” ಎಂದರು.

ಆ ಪೀರಿಯಡ್ ಹೋಗುವುದು ನನಗೆ ಬೇಡವಾಗಿತ್ತು. ಯಾಕೆಂದರೆ ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ, ನೋಟ್ಸ್ ಮುಗಿಸಿ ಒಂದು ಜಾಹೀರಾತು ಓದುತ್ತಿದ್ದಾಗ ಗಂಟೆ ಹೊಡೆದರೆ ಮಕ್ಕಳು “ಅಯ್ಯೋ, ಆಗ್ಲೇ ಆಯ್ತಾ” ಎಂದದ್ದು ಅಲ್ಲಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹೆದರಿಕೆಯಾದಾಗ ನಾನು ಪಟ್ಟಿ ಮಾಡುತ್ತೇನೆ. ಟ್ಯೂಷನ್ ಸೆಂಟರೊಂದರ ಕರಪತ್ರವನ್ನು ಪಾಠಕ್ಕೆ ಆರಿಸಿ, ನಾಲ್ಕು ಪ್ರಶ್ನೆಗಳನ್ನು ನಾಲ್ವರಿಗೆ ಹಂಚಿದೆ. ಮಂಜುನಾಥನಿಗೆ ಮೊದಲನೆಯದು, ಸಲ್ಮಾಗೆ ಎರಡು, ನಾಗರಾಜನಿಗೆ ಮೂರು, ಪ್ರಕಾಶನಿಗೆ ನಾಲ್ಕು. ಉಳಿದವರು ಆಸಕ್ತಿಯಿಂದ ತಲೆಯಾಡಿಸಬೇಕು. ಮೂರು ದಿನ ತಾಲೀಮು ನಡೆಯಿತು. ಗುರುವಾರ ಶಿವಮೊಗ್ಗದ ಮನೆಯಿಂದ ಶಾಲೆಗೆ ಬರುವ ಬಸ್ಸಿನಲ್ಲಿ ನನ್ನ ತುಟಿ ತಾನಾಗಿ ಅಲುಗುತ್ತಿದ್ದದ್ದನ್ನು ನೋಡಿ ಕಂಡಕ್ಟರು, “ಜಪ ಮುಗಿಸಿ ಅಮ್ಮಾ, ಟಿಕೆಟ್ ತಗೊಳ್ಳಿ” ಎಂದ.

ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತರು. ಮಂಜುನಾಥ ಎದ್ದ, ಕೇಳಿದ, ಕುಳಿತ. ಸಲ್ಮಾ ಎದ್ದಳು, ಕೇಳಿದಳು, ಕುಳಿತಳು. ಉಳಿದವರ ತಲೆಗಳು ಸೊಗಸಾಗಿ ಆಡಿದವು. ಆಮೇಲೆ ಯಾರೂ ಏಳಲಿಲ್ಲ. ಮೂರನೆಯದು ಬಾರದೆ ನಾಲ್ಕನೆಯದನ್ನು ಕೇಳಲು ಪ್ರಕಾಶ ಸಿದ್ಧನಿಲ್ಲ. ಅಷ್ಟು ಶಿಸ್ತನ್ನು ನಾನೇ ಕಲಿಸಿದ್ದೆ. ಅವನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವನು ವಿನಯದಿಂದ ತಲೆಯಾಡಿಸಿದ.

“ಯಾಕ್ರೋ, ಎಲ್ಲ ಸುಮ್ಮನಾದ್ರಿ?” ಎಂದರು ಪರಿವೀಕ್ಷಕರು.

ಕಿಟಕಿ ಪಕ್ಕದ ಸೆಲ್ವಿ ಎದ್ದಳು. ಕಾರ್ಖಾನೆ ಕೆಲಸಗಾರರ ಮಗಳು, ಸುಳ್ಳು ಹೇಳಲು ಬಾರದ ಹುಡುಗಿ. “ಸಾರ್, ಮೂರನೇದು ನಾಗರಾಜಂದು. ಅವ್ನಿಗೆ ಜ್ವರ, ಬಂದಿಲ್ಲ.”

ಹೆಡ್‌ಮಾಸ್ಟರು ಕೆಮ್ಮಿದರು. ನಾನು ಗಣಿತದ ಮೇಷ್ಟ್ರ ಮುಖವನ್ನು ನೆನೆದೆ.

“ಹಾಗಾ? ನಿಂದು ಎಷ್ಟನೇದಮ್ಮ?”

“ನಂಗೆ ಕೊಟ್ಟಿಲ್ಲ ಸಾರ್. ನಾನು ತಲೆ ಆಡ್ಸೋ ಗುಂಪು.”

ತರಗತಿ ಬಿದ್ದು ಬಿದ್ದು ನಕ್ಕಿತು. ಪರಿವೀಕ್ಷಕರು ನಗಲಿಲ್ಲ. “ಕೊಟ್ಟಿದ್ರೆ ಏನ್ ಕೇಳ್ತಿದ್ದೆ?” ಎಂದರು.

ಸೆಲ್ವಿ ಕರಪತ್ರ ನೋಡಿದಳು. “ನೂರಕ್ಕೆ ನೂರು ಫಲಿತಾಂಶ ಅಂತ ಹಾಕಿದಾರೆ. ಎಷ್ಟ್ ಜನ ಪರೀಕ್ಷೆ ಬರೆದ್ರು ಅಂತ ಹಾಕಿಲ್ಲ. ಒಬ್ರೇ ಬರೆದು ಒಬ್ರೇ ಪಾಸಾದ್ರೂ ನೂರಕ್ಕೆ ನೂರೇ ಅಲ್ವಾ ಸಾರ್?”

ಅಷ್ಟು ಸಾಕಾಯಿತು. “ಸಾರ್, ಈ ಫೋನ್ ನಂಬರ್ ಟ್ಯೂಷನ್ ಸೆಂಟರ್‌ದಲ್ಲ, ಕೆಳಗಡೆ ಎಸ್‌ಟಿಡಿ ಬೂತಿಂದು. ನಮ್ಮ ಮಾವಂದೇ!” ಎಂದು ಒಬ್ಬ ಕೂಗಿದ. “ಫೋಟೋದಲ್ಲಿರೋ ಅಕ್ಕ ನಮ್ಮ ಕ್ವಾರ್ಟರ್ಸ್ ಲೈನಿನೋರು, ಟ್ಯೂಷನ್‌ಗೇ ಹೋಗಿಲ್ಲ” ಎಂದಳು ಇನ್ನೊಬ್ಬಳು. “ಏ, ಹೋಗಿದ್ರು ಕಣೆ, ಎರಡು ದಿನ!” ಪ್ರಕಾಶನೂ ಎದ್ದು ನಿಂತು ತನ್ನ ನಾಲ್ಕನೆಯದನ್ನು ಯಾರೂ ಕೇಳಿಸಿಕೊಳ್ಳದಿದ್ದರೂ ಕೇಳಿಯೇಬಿಟ್ಟ. ತರಗತಿ ಸಂತೆಯಾಯಿತು. ಡಸ್ಟರಿನಿಂದ ಮೇಜು ಕುಟ್ಟಲು ಕೈ ಎತ್ತಿದವಳು, ಪರಿವೀಕ್ಷಕರು ಬರೆದುಕೊಳ್ಳುತ್ತಿರುವುದನ್ನು ಕಂಡು ಹಾಗೇ ಇಳಿಸಿದೆ. ಒಳ್ಳೆಯದನ್ನು ಬರೆಯುತ್ತಿದ್ದಾರೋ ಕೆಟ್ಟದ್ದನ್ನೋ ತಿಳಿಯದು.

ಆಗ ಸೆಲ್ವಿ ಮತ್ತೆ ಎದ್ದಳು. “ಮೇಡಂ, ನಿಮ್ಮನ್ನೂ ಒಂದು ಕೇಳ್ಬಹುದಾ? ಕಣ್ಮುಚ್ಚಿ ನಂಬಬೇಡಿ ಅಂತ ಬರೆಸಿದ್ರಿ. ಟೆಸ್ಟಲ್ಲಿ ಅದನ್ನೇ ನಾನು ನನ್ನ ಮಾತಲ್ಲಿ ಬರೆದೆ. ನೋಟ್ಸಲ್ಲಿದ್ದಂಗೆ ಇಲ್ಲ ಅಂತ ಅರ್ಧ ಮಾರ್ಕ್ ತೆಗೆದ್ರಿ. ಯಾಕೆ?”

ಸಂತೆ ನಿಂತಿತು. ಮಕ್ಕಳ ಎಂಬತ್ತೆರಡು ಕಣ್ಣುಗಳ ಜೊತೆಗೆ ಇಲಾಖೆಯ ಎರಡು ಕಣ್ಣೂ ನನ್ನ ಮೇಲೆ. ಹೊಳೆದದ್ದು ಒಂದೇ ಉತ್ತರ: ಮೂವತ್ತೊಂದು ವರ್ಷದಿಂದ ಹಾಗೇ ಅಂಕ ಕಳೆಯುತ್ತ ಬಂದಿದ್ದೇನೆ. ಅದನ್ನು ಗಟ್ಟಿಯಾಗಿ ಹೇಳಲು ನಾಚಿಕೆಯಾಯಿತು.

“ತಪ್ಪಾಯ್ತಮ್ಮ” ಎಂದೆ. “ಕೊಡ್ತೀನಿ, ಕೂತ್ಕೋ.”

ಪರಿವೀಕ್ಷಕರು ಹೊರಗೆ ಬಂದು ಹೆಡ್‌ಮಾಸ್ಟರಿಗೆ, “ಈ ಪೀರಿಯಡ್ ಮುಟ್ಟಬೇಡಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ತಾಲೀಮು ಮಾತ್ರ ನಿಲ್ಲಿಸಿ ಮೇಡಂ” ಎಂದರು. ಅವರ ಜೀಪು ಗೇಟು ದಾಟಿದ ಮೇಲೆ ಹೆಡ್‌ಮಾಸ್ಟರು ಹಣೆ ಒರೆಸಿಕೊಂಡರು. “ನಿಮ್ಮಿಂದ ಉಳೀತೋ, ಆ ಹುಡುಗನ ಜ್ವರದಿಂದ ಉಳೀತೋ ಗೊತ್ತಾಗ್ಲಿಲ್ಲ ಮಾರಾಯ್ರೆ.” ನನಗೆ ಗೊತ್ತಾಗಿತ್ತು.

ಸಂಜೆ ನಾಲ್ಕೂವರೆಗೆ ಸ್ಟಾಫ್‌ರೂಮಿನಲ್ಲಿ ಒಬ್ಬಳೇ ಕುಳಿತು ಸೆಲ್ವಿಯ ಅಂಕ ತಿದ್ದಿದೆ. ಮುಂದಿನ ವಾರದ ಪಾಠ ಯೋಜನೆ ಬಾಕಿ ಇತ್ತು. ಇನ್ನು ಬಿಗಿ ಮಾಡಬಾರದು, ಮಕ್ಕಳನ್ನು ಅವರ ಪಾಡಿಗೆ ಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ ಬರೆದೆ: “ಹನ್ನೊಂದು ಹತ್ತರಿಂದ ಹನ್ನೊಂದು ಇಪ್ಪತ್ತೈದರವರೆಗೆ, ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುವುದು.” ಓದಿ ನೋಡಿದೆ. ಎಲ್ಲೋ ಏನೋ ಸರಿಯಿಲ್ಲ ಎನ್ನಿಸಿತು. ಸ್ವಲ್ಪ ಹೊತ್ತು ಯೋಚಿಸಿ, ಸ್ಕೇಲ್ ಇಟ್ಟು ಇಪ್ಪತ್ತೈದನ್ನು ಹೊಡೆದುಹಾಕಿ ಮೂವತ್ತು ಎಂದು ಬರೆದೆ. ಸಹಿ ಹಾಕಿ ಪೆನ್ನು ಮುಚ್ಚಿದೆ.