ಕಡಿಮೆ ಅಂಕದವಳ ಮೆಡಿಕಲ್ ಅರ್ಜಿ

ಮನೆಯಲ್ಲಿ ಒಬ್ಬರು ಮೆಡಿಕಲ್ ಸೀಟಿಗೆ ಅರ್ಜಿ ಹಾಕಿದರೆ ಸಾಕು, ಇಂಥವು ನಡೆಯುತ್ತಲೇ ಇರುತ್ತವೆ. ಅಂಕ ಕಡಿಮೆ ಇದ್ದರೆ ಸ್ವಲ್ಪ ಹೆಚ್ಚೇ ನಡೆಯುತ್ತವೆ.

೧. ಫಲಿತಾಂಶ

ನನ್ನ ಮಗಳ ನೀಟ್ ಅಂಕ, ಸೀಟು ಪಡೆಯುವವರ ಸರಾಸರಿಗಿಂತ ಸಾಕಷ್ಟು ಕೆಳಗೆ ಬಂತು. ಡಾಕ್ಟರಾಗುವುದು ಬಿಟ್ಟು ಬೇರೆ ಯೋಚನೆ ಅವಳಿಗೆ ಮೊದಲೂ ಇರಲಿಲ್ಲ. ಫಲಿತಾಂಶ ನೋಡಿದ ಮೇಲೂ ಹುಟ್ಟಲಿಲ್ಲ.

“ಹೆದರುದು ಎಂತಕ್ಕೆ ಅಪ್ಪ? ನನ್ನ ಹಿಂದೆ ಲಕ್ಷಗಟ್ಟಲೆ ಜನ ಇದ್ದಾರೆ.”

“ಮುಂದೆ ಇರುವವರು?”

“ಅವರೆಲ್ಲ ಸೀಟು ತಗೊಂಡು ಹೋಗ್ತಾರೆ. ಆಮೇಲೆ ಮುಂದೆ ಯಾರೂ ಇರುದಿಲ್ಲ.”

೨. ಮೊದಲ ರೋಗಿ

ನಮ್ಮ ರಾಮಕುಂಜದಲ್ಲಿ ಅರ್ಜಿ ಹಾಕಿದವರೂ ಡಾಕ್ಟರೇ. ಮರುವಾರ ಪಕ್ಕದ ಮನೆಯ ಮಾವ, ಪುತ್ತೂರಿನಲ್ಲಿ ತೆಗೆಸಿದ ಮೊಣಕಾಲಿನ ಎಕ್ಸ್‌ರೇ ಹಿಡಿದುಕೊಂಡು ಕುಂಟುತ್ತ ಬಂದರು.

“ಅವಳಿಗೆ ಇನ್ನೂ ಸೀಟೇ ಆಗಲಿಲ್ಲ ಮಾರಾಯ್ರೆ” ಎಂದೆ.

“ನನಗೆ ಸೀಟು ಬೇಡ, ನೋಡಿ ಹೇಳಿದರೆ ಸಾಕು.”

ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

“ಎಂತ ಕಾಣ್ತದೆ?”

“ಮೂಳೆ ಉಂಟು ಮಾವ.”

ಮಾವನ ಮುಖ ಅರಳಿತು. “ಅಲ್ಲಿಯ ಡಾಕ್ಟರು ಸವೆದು ಹೋಗಿದೆ ಅಂತ ಹೇಳಿದ್ರು” ಎಂದವರೇ, ಕುಂಟದೆ ಮನೆಗೆ ಹೋದರು.

೩. ದೊಡ್ಡಪ್ಪನ ಸಲಹೆ

ಸೀಟು ಹಂಚಿಕೆಯ ಮೊದಲ ಸುತ್ತಿನಲ್ಲಿ ಅವಳಿಗೆ ಡೆಂಟಲ್ ಸೀಟು ಬಂತು. ಅದನ್ನು ಹಿಡಿಯುವುದೋ, ಬಿಟ್ಟು ಮುಂದಿನ ಸುತ್ತಿಗೆ ಕಾಯುವುದೋ? ಕಾದು ಕೊನೆಗೆ ಏನೂ ಇಲ್ಲದೆ ಕೂರಬೇಕಾಗಬಹುದು. ಬೆಟ್ಟಂಪಾಡಿಯಲ್ಲಿರುವ ನನ್ನ ಅಣ್ಣನನ್ನು ಕೇಳಿದೆವು. ಅಡಿಕೆಯನ್ನು ಮೊದಲು ಕೇಳಿದ ದರಕ್ಕೆ ಅವರು ಈವರೆಗೆ ಕೊಟ್ಟದ್ದಿಲ್ಲ.

“ಈಗಲೇ ಕೊಡುದಾ? ಅಟ್ಟದಲ್ಲಿ ಇರ್ಲಿ. ಇನ್ನೂ ಏರ್ತದೆ.”

“ಇದು ಅಡಿಕೆ ಅಲ್ಲ ಅಣ್ಣ, ರ‍್ಯಾಂಕು. ಇಟ್ಟರೆ ಏರುದಿಲ್ಲ.”

“ಅಡಿಕೆಗೂ ಎಲ್ಲರೂ ಹೀಗೇ ಹೇಳುದು.”

ಮಗಳು ದೊಡ್ಡಪ್ಪನ ಪಕ್ಷ. ಸೀಟು ಬಿಟ್ಟಳು. ಎರಡನೇ ಸುತ್ತಿನಲ್ಲಿ ಏನೂ ಬರಲಿಲ್ಲ. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಕೊನೆಯ ಸುತ್ತಿನಲ್ಲಿ, ರಾಜ್ಯದ ಇನ್ನೊಂದು ತುದಿಯ ಕಾಲೇಜಿನಲ್ಲಿ ಯಾರೂ ಸೇರದೆ ಉಳಿದ ಒಂದು ಮೆಡಿಕಲ್ ಸೀಟು ಅವಳ ಹೆಸರಿಗೆ ಬಂತು.

ಅವಳೇ ದೊಡ್ಡಪ್ಪನಿಗೆ ಫೋನ್ ಮಾಡಿದಳು. “ಮೆಡಿಕಲ್ಲೇ ಸಿಕ್ಕಿತು ದೊಡ್ಡಪ್ಪ. ಇವತ್ತೇ ಒಪ್ಪಿಕೊಂಡೆ.”

ದೊಡ್ಡಪ್ಪ ಆ ಕಡೆಯಿಂದ ಲೊಚಗುಟ್ಟಿದರು.

“ಅವಸರ ಮಾಡಿದಿ ಮಗಾ. ಇನ್ನೊಂದು ವಾರ ಹಿಡಿದಿಟ್ಟಿದ್ದರೆ ಮಂಗಳೂರಿನದ್ದೇ ಬರ್ತಿತ್ತು.”