ಕಿಟಕಿ ಸರಳಿನ ಬದನಿಕೆ

ಹಸಿರಾಗಿರುವುದೆಲ್ಲ ಒಳ್ಳೆಯದು ಎಂದು ನಂಬಿದವನು ನಾನು. ಶಾಲೆಯಲ್ಲಿ ಮರದ ಚಿತ್ರಕ್ಕೆ ಬಣ್ಣ ತುಂಬುವ ತನಕ ಕಲಿತು, ಆಮೇಲೆ ಬೈತಖೋಲ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದೆ. ಕಿವಿರು ನೋಡಿ ಮೀನು ಹೊಸತೋ ಹಳತೋ ಹೇಳಬಲ್ಲೆ. ಮರದ ವಿಷಯ ನನ್ನ ಹತ್ತಿರ ಕೇಳಬಾರದು. ಕೇಳದೆ ಮರವನ್ನೇ ನನ್ನ ಕೈಗೆ ಕೊಟ್ಟದ್ದು ಅತ್ತೆಯ ತಪ್ಪು ಎನ್ನೋಣ ಅಂದರೆ, ತಿನ್ನುತ್ತಿರುವುದು ಅವರ ಮನೆಯ ಅನ್ನ.

ಹೆಂಡತಿ ಮಂಗಲಾಳ ತವರು ತೋಡೂರಿನ ನಿರಾಶ್ರಿತರ ಕಾಲೊನಿಯಲ್ಲಿ. ನಮ್ಮ ಬಾಡಿಗೆ ಕೋಣೆ ಸೋರುತ್ತದೆ, ಎರಡು ತಿಂಗಳು ಇದ್ದು ಹೋಗೋಣ ಎಂದು ಬಂದೆವು. ಮೂರು ವರ್ಷವಾಯಿತು. ಅಂಗಳದಲ್ಲೊಂದು ಕರಿ ಇಶಾಡ ಮಾವಿನ ಮರ. ಅವರ ಹಳೆಯ ಊರು ನೌಕಾನೆಲೆಯ ಬೇಲಿಯೊಳಗೆ ಹೋಗುವಾಗ ಮಾವ ಅಲ್ಲಿಯ ಮರದ ಕಡ್ಡಿ ಮುರಿದು ತಂದು ಇಲ್ಲಿ ಕಸಿ ಕಟ್ಟಿದ್ದರಂತೆ. ಈಗ ಮಾವನೂ ಇಲ್ಲ. ಅತ್ತೆಗೆ ಆ ಊರಿನದೆಂದು ಉಳಿದದ್ದು ಈ ಮರ ಒಂದೇ. ಕಣ್ಣಿಗೆ ಪೊರೆ ಬಂದು ಅವರಿಗೆ ಆಕಾರ ತಿಳಿಯದು, ಬಣ್ಣವಷ್ಟೇ ಮಸುಕಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಕೇಳುವರು, “ಅಳಿಯಾ, ಮರ ಹಸ್ರಾಗೇ ಅದೆ ಅಲ್ಲಾ?”

“ಅದೆ ಅತ್ತೆ, ಗಮ್ಮತ್ತಾಗಿ ಅದೆ.”

ಸುಳ್ಳು ಹೇಳಲಿಲ್ಲ. ಮೊದಲ ವರ್ಷ ಕೆಲವು ಟೊಂಗೆಗಳ ತುದಿ ಒಣಗಿತು. ಒಣಗಿದ್ದನ್ನು ಕಡಿ, ಹಸಿರಿದ್ದನ್ನು ಬಿಡು, ಇದಕ್ಕೆ ಯಾವ ಓದು ಬೇಕು? ಕತ್ತಿ ತಗೊಂಡು ಕಡಿದೆ. ಮರುವರ್ಷ ಇನ್ನಷ್ಟು ಒಣಗಿತು, ಇನ್ನಷ್ಟು ಕಡಿದೆ. ಉಳಿದ ಹಸಿರು ಮಾತ್ರ ದಪ್ಪ ಎಲೆ ಬಿಟ್ಟು ಗೊಂಚಲುಗೊಂಚಲಾಗಿ ಕೊಬ್ಬಿತು. ಉದ್ದ ಕೊಳವೆಯಂಥ ಕಿತ್ತಳೆ ಹೂವೂ ಬಂತು.

“ಮಾವಿಗೆ ಇಂಥ ಹೂವಾ?” ಎಂದಳು ಮಂಗಲಾ.

“ಕರಿ ಇಶಾಡ ಅಲ್ವಾ, ಅದ್ರದ್ದೇ ಬೇರೆ ಸ್ಟೈಲು” ಎಂದೆ. ನನಗೆ ಗೊತ್ತಿಲ್ಲದ್ದನ್ನು ನಾನು ಯಾವಾಗಲೂ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಮಾವಿನಹಣ್ಣು ಬರಲಿಲ್ಲ. ಬಂದದ್ದು ಹೆಬ್ಬೆರಳಷ್ಟೇ ಇರುವ ಹಕ್ಕಿಗಳು. ಆ ಗೊಂಚಲಿನ ಯಾವುದೋ ಪುಟ್ಟ ಹಣ್ಣು ತಿಂದು, ದಿನವಿಡೀ ಟಿಕ್ ಟಿಕ್ ಎನ್ನುತ್ತ ಕುಂಡೆಯನ್ನು ಟೊಂಗೆಗೆ ತಿಕ್ಕುತ್ತಿದ್ದವು. ಅವುಗಳ ಹಿಕ್ಕೆ ಕೆಳಗೆ ಬೀಳುವುದೇ ಇಲ್ಲ, ಬೀಜದ ಸಮೇತ ಅಂಟಿನ ದಾರದಂತೆ ಜೋತಾಡುತ್ತದೆ. ನೋಡಿ ನಕ್ಕೆ.

ನಗು ನಿಂತದ್ದು ಕಿಟಕಿಯಲ್ಲಿ. ನಾನು ಮಲಗುವ ಕೋಣೆಯ ಸರಳಿಗೆ ಅಂಥದೇ ಒಂದು ಬೀಜ ಅಂಟಿತ್ತು. ನಾಲ್ಕು ದಿನದಲ್ಲಿ ಅದರಿಂದ ಹಸಿರು ನಾಲಿಗೆಯೊಂದು ಹೊರಟಿತು. ಮಣ್ಣಿಲ್ಲ, ನೀರಿಲ್ಲ, ಬರೀ ಕಬ್ಬಿಣ. ಗಿಡ ಅಂದಮೇಲೆ ಬೆಳಕಿನ ಕಡೆ ತಿರುಗಬೇಕಲ್ಲ? ಇದು ಬಿಸಿಲಿಗೆ ಬೆನ್ನು ಹಾಕಿ ಒಳಗಿನ ಕತ್ತಲೆಗೆ, ನನ್ನ ದಿಂಬಿನ ಕಡೆಗೆ ಬಾಗಿತ್ತು. ಕೆರೆದು ಎಸೆದೆ. ಮರುವಾರ ಇನ್ನೊಂದು, ಅದೂ ಒಳಗೇ ನೋಡುತ್ತಿತ್ತು.

“ನಿಮ್ಮನ್ನೇ ಹುಡುಕ್ತಾ ಬಂದದೆ” ಎಂದು ಮಂಗಲಾ ನಕ್ಕಳು. ನಾನು ದಿಂಬನ್ನು ಕಿಟಕಿಯಿಂದ ದೂರ ಹಾಕಿಕೊಂಡೆ.

ಆಮೇಲೆ ಮರ ನೋಡಿದರೂ ಮೈ ಜುಮ್ಮೆನ್ನುತ್ತಿತ್ತು. ಮಧ್ಯಾಹ್ನ ಕಡಲ ಗಾಳಿ ಬೀಸಿದರೆ ಮಾವಿನ ಸದ್ದೇ ಇಲ್ಲ, ಒಣ ತೊಗಲು ತಿಕ್ಕಿದ ಹಾಗೆ ಇನ್ನೇನೋ ಸದ್ದು. ಮಾವಿನ ಅಂಗಿ ತೊಟ್ಟು ಬೇರೆ ಯಾರೋ ಅಂಗಳದಲ್ಲಿ ನಿಂತ ಹಾಗೆ.

ಮೂರನೆಯ ವರ್ಷವೂ ಹಣ್ಣಿಲ್ಲದಾಗ ಅತ್ತೆ ಹಿಲ್ಲೂರಿನ ಬೊಮ್ಮಣ್ಣನಿಗೆ ಹೇಳಿಕಳಿಸಿದರು. ಕಾಲೊನಿಯಲ್ಲಿ ತೆಂಗಿನಕಾಯಿ ಕೊಯ್ಯುವವನು ಅವನೇ. ಮರದ ಬುಡದಲ್ಲಿ ನಿಂತು ತುಂಬ ಹೊತ್ತು ಮೇಲೆ ನೋಡಿದ.

“ಇದೆಲ್ಲ ಬದನಿಕೆ. ಮಾವು ಎಲ್ಲಿಟ್ಯೋ ತಮ್ಮಾ?”

“ಒಣಗಿದ್ದು ಕಡ್ದೆ.”

“ಒಣಗಿದ್ದೇ ಮಾವಾಗಿತ್ತು ಮಾರಾಯಾ! ಅದ್ರ ನೀರು ಇದು ಕುಡೀತಿತ್ತು. ಕುಡಿಯೋನ್ನ ಇಟ್ಕಂಡು ಕೊಡೋನ್ನ ಕಡದ್ಯಲ್ಲೋ!”

ಅವನು ಹತ್ತಿ ಬದನಿಕೆ ಕಡಿಯತೊಡಗಿದ. ಒಂದೊಂದೂ ಟೊಂಗೆಯನ್ನು ಮುಷ್ಟಿಯಂಥ ಗಂಟು ಹಾಕಿ ಹಿಡಿದಿತ್ತು. ಎಲ್ಲ ಬಿದ್ದ ಮೇಲೆ ಮೋಟು ಮರದ ನೆತ್ತಿಯಲ್ಲಿ ಉಳಿದದ್ದು ಗೇಣುದ್ದದ ಒಂದೇ ಒಂದು ಮಾವಿನ ಕುಡಿ.

ಜಗಲಿಯಿಂದ ಅತ್ತೆ ಕೇಳಿದರು, “ಅಳಿಯಾ, ಎಂಥಕ್ಕೆ ಇಷ್ಟು ಬೆಳಕು?”

ಮೂರು ವರ್ಷ ಹೇಳಿದ ‘ಗಮ್ಮತ್ತು’ ಬಿಟ್ಟು ನಿಜ ಹೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ, “ಗೇಣು ಉಳ್ದದ್ಯಲ್ಲ, ಸಾಕು. ನಿಮ್ಮ ಮಾವ ತಂದದ್ದೂ ಅಷ್ಟೇ ಇತ್ತು. ಬೊಮ್ಮಣ್ಣಾ, ಬೇರೆ ಗಿಡಕ್ಕೆ ಕಸಿ ಕಟ್ಟು. ಅಳಿಯನ ಕೈಗೆ ಮಾತ್ರ ಕತ್ತಿ ಕೊಡ್ಬೇಡ” ಎಂದರು.

ಬೊಮ್ಮಣ್ಣ ಕುಡಿ ಕೊಯ್ದು ಕಸಿ ಕಟ್ಟಿದ, ಚಿಗುರುತ್ತದೋ ಇಲ್ಲವೋ ತಿಂಗಳು ಕಾಯಬೇಕು ಎಂದ. ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಮೀನಿನ ದೊಡ್ಡ ತುಂಡು ನನಗೇ ಹಾಕಿಸಿದರು. ನಾನು ಎಂದಿನಂತೆ ತಿಂದೆ. ಬೊಮ್ಮಣ್ಣ ನನ್ನ ಹೊಟ್ಟೆ ನೋಡಿದ, ಅಂಗಳದ ಬದನಿಕೆ ರಾಶಿ ನೋಡಿದ, ಮತ್ತೆ ತನ್ನ ತಟ್ಟೆಗೆ ಕೈ ಹಾಕಿದ.

ಇವತ್ತು ಬೆಳಿಗ್ಗೆ ಸರಳಿನ ಮೇಲೆ ಮತ್ತೊಂದು ಮೊಳಕೆ. ಅದು ನನ್ನನ್ನು ಮರ ಅಂದುಕೊಂಡು ಬರುತ್ತಿದೆ ಎಂದು ಇಷ್ಟು ದಿನ ಹೆದರುತ್ತಿದ್ದೆ. ಈಗ ಅದಕ್ಕಿಂತ ಹೆಚ್ಚು ಹೆದರಿಕೆ. ಈ ಮನೆಯಲ್ಲಿ ತನಗಿಂತ ಮೊದಲೇ ಬೇರು ಬಿಟ್ಟವನು ಯಾರು ಎಂದು ಅದು ಇಣುಕಿ ನೋಡುತ್ತಿದೆ.