ಮನೆ ಮಾಲೀಕರ ಸಂಘದ ಅಧ್ಯಕ್ಷರ ಸ್ವಂತ ಮನೆ

ಸಂಕರ್ಷಣ ರಾಯರಿಗೆ ಆ ಶನಿವಾರ ಬೆಳಿಗ್ಗೆ ಆದ ಆಘಾತ ಇದೆಯಲ್ಲ, ಅದು ಶತ್ರುವಿಗೂ ಬೇಡ. ಮನೆ ಇದೆ ಅಂತ ಸಾಬೀತು ಮಾಡಲಾಗದೆ ಒದ್ದಾಡಿದವರನ್ನು ನಾವು ನೀವು ಬೇಕಾದಷ್ಟು ನೋಡಿದ್ದೇವೆ. ಮನೆ ಇಲ್ಲ ಅಂತ ಸಾಬೀತು ಮಾಡಲಾಗದೆ ನಡುಬೀದಿಯಲ್ಲಿ ನಿಂತು ಕಣ್ಣು ಕಣ್ಣು ಬಿಟ್ಟವರು ಇಡೀ ಮಲ್ಲೇಶ್ವರದಲ್ಲಿ ಇವರೊಬ್ಬರೇ. (ಎಷ್ಟನೇ ಕ್ರಾಸು ಅಂತ ಮಾತ್ರ ಕೇಳಬೇಡಿ. ಹೇಳಿಬಿಟ್ಟರೆ ಪಾಪ, ಆ ಮನುಷ್ಯ ಹಾಲು ತರೋದಕ್ಕೂ ಹೊರಗೆ ಬರೋದಿಲ್ಲ.)

ರಾಯರು ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಹೆಂಡತಿ ಪ್ರಿಯಂವದಾ ಪ್ರೈಮರಿ ಸ್ಕೂಲ್ ಟೀಚರು. ಈ ಕ್ರಾಸಿಗೆ ಬಾಡಿಗೆಗೆ ಬಂದ ದಿನ, ಸಾಮಾನು ಇನ್ನೂ ಟೆಂಪೋದಲ್ಲೇ ಇದ್ದಾಗ, ಎದುರುಮನೆ ಕಲ್ಯಾಣಮ್ಮ ಗೇಟಿನ ಹತ್ತಿರ ಬಂದು, “ಬಾಡಿಗೆಗೆ ಬಂದ್ರಾ, ಕೊಂಡ್ಕೊಂಡ್ರಾ?” ಅಂತ ಕೇಳಿದರು. ಕೇಳಿದ್ದೇನೂ ತಪ್ಪಲ್ಲ. ಆದರೆ ‘ಬಾಡಿಗೆ’ ಅನ್ನುವಾಗ ಆಕೆಯ ಮೂಗು ಒಂದು ಚೂರು ಮೇಲಕ್ಕೆ ಹೋಯಿತು ಅಂತ ರಾಯರಿಗೆ ಅನ್ನಿಸಿತು. ಆ ಮೂಗನ್ನು ನೋಡುತ್ತಲೇ ಅವರ ಬಾಯಿ, ಯಜಮಾನನ ಅಪ್ಪಣೆಗೂ ಕಾಯದೆ, “ಕೊಂಡ್ಕೊಂಡ್ವಿ” ಅಂದುಬಿಟ್ಟಿತು.

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಅನ್ನ ನೀರು ಹಾಕಿ ಸಾಕಬೇಕು ತಾನೇ? ರಾಯರು ಮುತುವರ್ಜಿಯಿಂದ ಸಾಕಿದರು. ‘ಸಂಕರ್ಷಣ ನಿಲಯ’ ಅಂತ ಕರೀ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ ಕೆತ್ತಿಸಿ ತಂದರು. ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಅಸಲಿ ಓನರು ಕಟ್ಟಪ್ಪಣೆ ಮಾಡಿದ್ದರಿಂದ ಆ ಕಲ್ಲನ್ನು ಗೇಟಿನ ಕಂಬಕ್ಕೆ ತಂತಿಯಲ್ಲಿ ಬಿಗಿದು ಕಟ್ಟಿದರು. ಓನರು ಹಾಸನದವರು. ವರ್ಷಕ್ಕೊಂದು ಸಲ ಬಂದು ಹಿತ್ತಲ ಮರದ ತೆಂಗಿನಕಾಯಿ ಇಳಿಸಿ, ಮೂಟೆ ಕಟ್ಟಿಕೊಂಡು ಹೋಗುತ್ತಿದ್ದರು. “ನಮ್ಮ ದೊಡ್ಡಪ್ಪನ ಮಗ. ಪಾಪ, ಕಷ್ಟದಲ್ಲಿದಾನೆ” ಅಂತ ರಾಯರು ಬೀದಿಗೆಲ್ಲ ಹೇಳಿದರು. ಕಷ್ಟದಲ್ಲಿದ್ದ ದೊಡ್ಡಪ್ಪನ ಮಗ ಪ್ರತಿ ವರ್ಷ ಇನ್ನೂ ದೊಡ್ಡ ಕಾರಿನಲ್ಲಿ ಬರುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಹೋಗಲಿ ಅನ್ನಬಹುದಿತ್ತು. ಕ್ರಾಸಿನ ಮನೆ ಮಾಲೀಕರ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಆಂಜಿನಯ್ಯನವರು ಒಂದು ದಿನ ಹಾರ ಹಿಡಿದುಕೊಂಡು ಬಂದು, “ತಾವೇ ಅಧ್ಯಕ್ಷರಾಗಬೇಕು” ಅಂದರು. ರಾಯರ ಕಣ್ಣಲ್ಲಿ ನೀರು ಬಂತು. ಅವತ್ತಿಂದ ಚರಂಡಿ ಕಟ್ಟಿಕೊಂಡರೆ ರಾಯರು, ಬೀದಿದೀಪ ಕೆಟ್ಟರೆ ರಾಯರು, ಕಸದ ಗಾಡಿ ನಿಲ್ಲದೆ ಹೋದರೆ ಪಂಚೆ ಮೇಲಕ್ಕೆ ಕಟ್ಟಿಕೊಂಡು ಅದರ ಹಿಂದೆ ಓಡೋರೂ ರಾಯರೇ. ಸಭೆಯಲ್ಲಿ ಮೇಜು ಗುದ್ದಿ, “ಈ ಬಾಡಿಗೆಯವರಿಗೆ ನೀರಿನ ಬೆಲೆ ಎಲ್ಲಿ ಗೊತ್ತಾಗತ್ತೆ ಸ್ವಾಮಿ!” ಅಂತ ಗುಡುಗುತ್ತಿದ್ದರು. ಹಾಗೆ ಗುಡುಗಿದಾಗಲೆಲ್ಲ ಪ್ರಿಯಂವದಾ ತಾರಸಿ ನೋಡುತ್ತಾ ಕೂತಿರುತ್ತಿದ್ದರು.

ಆಕೆಯ ಸಂಕಟವೇ ಬೇರೆ. ಒಂದು ಕ್ಯಾಲೆಂಡರ್ ನೇತುಹಾಕಬೇಕಾದರೂ ಹಾಸನಕ್ಕೆ ಫೋನ್ ಮಾಡಬೇಕು. ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಪುಟ್ಟ ಸೈಟು ಮತ್ತಿಕೆರೆಯ ಆಚೆ ಹುಲ್ಲು ಬೆಳೆದುಕೊಂಡು ಬಿದ್ದಿದೆ. ಒಂದು ಸಂಜೆ ಸ್ಕೂಲಿಂದ ಬಂದವರೇ ಚಪ್ಪಲಿ ಕೂಡ ಬಿಡದೆ ಶುರು ಮಾಡಿದರು.

“ರೀ, ನಮ್ಮ ಸೈಟಲ್ಲಿ ನಾವೇ ಮನೆ ಕಟ್ಕೊಳ್ಳೋಕೆ ಬ್ಯಾಂಕು ಸಾಲ ಕೊಡತ್ತಂತೆ. ಬಡ್ಡೀಲಿ ಒಂದು ಪಾಲು ಸರ್ಕಾರಾನೇ ಹೊರತ್ತಂತೆ. ನಮ್ಮ ಸ್ಕೂಲಿನ ಸುಪ್ರಜಾ ಮಿಸ್‌ಗೆ ಆಗಲೇ ಸಿಕ್ತು!”

“ಸರ್ಕಾರ ಸುಮ್ನೆ ಹೊರತ್ತಾ? ಕಂಡೀಷನ್ ಇರತ್ತೆ ಕಣೆ.”

“ಇದೆ. ಮನೆ ಹೆಂಗಸರ ಹೆಸರಲ್ಲಿದ್ರೆ ಒಳ್ಳೇದು. ಸೈಟು ಹೇಗೂ ನನ್ನ ಹೆಸರಲ್ಲೇ ಇದೆ. ಆಮೇಲೆ, ನಮಗೆ ಬೇರೆ ಎಲ್ಲೂ ಸ್ವಂತ ಮನೆ ಇರಬಾರದು.”

“ಅಷ್ಟೇನಾ!” ರಾಯರು ಎದೆ ತಟ್ಟಿಕೊಂಡರು. “ಇಲ್ಲ! ನಮಗೆ ಎಲ್ಲೂ, ಯಾವ ಊರಲ್ಲೂ, ಒಂದು ಹಂಚಿನ ಚೂರೂ ಇಲ್ಲ!” ಮನೆ ಇಲ್ಲದ್ದಕ್ಕೆ ಅವರು ಹೆಮ್ಮೆಪಟ್ಟಿದ್ದು ಜನ್ಮದಲ್ಲಿ ಅದೇ ಮೊದಲು.

“ಮೆಲ್ಲಗೆ ರೀ. ಎದುರುಮನೆಗೆ ಕೇಳಿಸತ್ತೆ” ಅಂದರು ಪ್ರಿಯಂವದಾ. ರಾಯರು ಎದ್ದು ಹೋಗಿ ಕಿಟಕಿ ಹಾಕಿ ಬಂದರು.

ಅರ್ಜಿ ಹೋಯಿತು. ಬ್ಯಾಂಕಿನವರು ನಕ್ಕೊಂಡೇ ಮಾತಾಡಿಸಿದರು. ಮನೆ ಹತ್ತಿರ ವಿಚಾರಣೆಗೆ ಒಬ್ಬರು ಬರ್ತಾರೆ ಅಂದರು. ಬರಲಿ, ಕಾಫಿ ಕೊಟ್ಟು ಕಳಿಸಿದರಾಯಿತು ಅಂತ ರಾಯರು ನಿಶ್ಚಿಂತರಾಗಿದ್ದರು.

ಶನಿವಾರ ಬೆಳಿಗ್ಗೆ ಸೊಪ್ಪಿನ ಚೀಲ ಹಿಡಿದು ಮನೆಗೆ ಬರುತ್ತಾರೆ, ಗೇಟಿನ ಮುಂದೆ ಒಂದು ಬೈಕು. ಬ್ಯಾಂಕಿನ ಮುತ್ತುರಾಜ್ ಅನ್ನುವ ತರುಣ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಆ ಗ್ರಾನೈಟ್ ಕಲ್ಲಿನ ಫೋಟೋ ತೆಗೆಯುತ್ತಿದ್ದಾನೆ. ಆ ಕಲ್ಲೊಂದು ರಾಯರ ನೆನಪಿಗೇ ಬಂದಿರಲಿಲ್ಲ.

“ಸಂಕರ್ಷಣ ನಿಲಯ. ಇದು ನಿಮ್ಮದೇನಾ ಸರ್?”

“ಕಲ್ಲು ನಂದು. ಮನೆ ನಂದಲ್ಲ.”

ಮುತ್ತುರಾಜ್ ಒಂದು ಸಲ ಕಲ್ಲು ನೋಡಿದ, ಒಂದು ಸಲ ರಾಯರನ್ನು ನೋಡಿದ. “ಮನೆ ಮುಂದೆ ಕಲ್ಲು. ಕಲ್ಲಿನ ಮೇಲೆ ಹೆಸರು. ಹೆಸರು ನಿಮ್ಮದು. ಮನೆ ಮಾತ್ರ ನಿಮ್ಮದಲ್ಲ?”

ಅಷ್ಟರಲ್ಲಿ ಎದುರುಗಡೆ ರಂಗೋಲಿ ಹಾಕುತ್ತಿದ್ದ ಕಲ್ಯಾಣಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು, “ಯಾರಪ್ಪಾ ಅದು? ಏನು ಬೇಕಿತ್ತು?” ಅಂದರು. ಬೇಡ ಬೇಡ ಅಂತ ರಾಯರು ಆತನ ಬೆನ್ನ ಹಿಂದಿನಿಂದ ಹುಬ್ಬು ಹಾರಿಸಿದರು, ಕಣ್ಣು ಮಿಟುಕಿಸಿದರು, ಸೊಪ್ಪಿನ ಚೀಲವನ್ನೂ ಅಲ್ಲಾಡಿಸಿದರು. ಕಲ್ಯಾಣಮ್ಮ ಅದನ್ನೆಲ್ಲ ಒಂದು ಗಳಿಗೆ ನೋಡಿ, ಅರ್ಥವಾಯಿತು ಅನ್ನುವ ಹಾಗೆ ತಲೆ ಆಡಿಸಿದರು.

“ಅವರದ್ದೇ ಕಣಪ್ಪಾ ಮನೆ! ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿದ್ವಲ್ಲ. ಏನು ಹೋಳಿಗೆ, ಏನು ತುಪ್ಪ! ಬಂದ ಮುತ್ತೈದೆಯರಿಗೆಲ್ಲ ಬೆಳ್ಳಿ ಕುಂಕುಮದ ಬಟ್ಟಲು ಕೊಟ್ರು.”

ರಾಯರಿಗೆ ತಲೆ ಗಿರ್ ಅಂತು. ಗೃಹಪ್ರವೇಶ? ಬೆಳ್ಳಿ ಬಟ್ಟಲು? ಅವರು ಹೇಳದ ಸುಳ್ಳೂ ಬೀದಿಯಲ್ಲಿ ತಾನಾಗಿಯೇ ಓಡಾಡುತ್ತಿದೆಯಲ್ಲ! ಗದ್ದಲ ಕೇಳಿ ಪಕ್ಕದ ಮನೆಯ ಆಂಜಿನಯ್ಯನವರು ಪೇಪರ್ ಮಡಿಸಿಕೊಂಡು ಬಂದರು.

“ನಮ್ಮ ಅಧ್ಯಕ್ಷರ ಬಗ್ಗೆ ವಿಚಾರಣೇನಾ? ಬರೆದುಕೊಳ್ಳಿ. ಮೂರು ತಲೆಮಾರಿನ ಆಸ್ತಿ. ಇವರ ತಾತ ಕಟ್ಟಿಸಿದ್ದು.”

“ತಾತ ಕಟ್ಟಿಸಿದ ಮನೆಗೆ ಇವರು ಗೃಹಪ್ರವೇಶ ಮಾಡಿದ್ರಾ?”

ಆಂಜಿನಯ್ಯನವರು ತಬ್ಬಿಬ್ಬಾಗಲೇ ಇಲ್ಲ. “ರಿಪೇರಿ ಮಾಡಿಸಿದ್ರಲ್ಲ, ಆಗ ಇನ್ನೊಂದ್ಸಲ ಮಾಡಿದ್ರು.”

“ಇಲ್ಲಾ ರೀ! ನಾನು ಬಾಡಿಗೆಗಿರೋದು! ಕರಾರು ಪತ್ರ ಇದೆ, ತೋರಿಸ್ತೀನಿ!” ಅಂತ ರಾಯರು ಕಿರುಚಿಕೊಂಡರು. ಆಂಜಿನಯ್ಯನವರು ಮುತ್ತುರಾಜನ ಕಡೆ ಬಾಗಿ, “ಬಹಳ ವಿನಯವಂತರು. ಇದೆ ಅಂತ ಹೇಳ್ಕೊಳ್ಳೋದೇ ಇಲ್ಲ” ಅಂದರು.

ಮುತ್ತುರಾಜ್ ಹೆಲ್ಮೆಟ್ಟು ಹಾಕಿಕೊಂಡ. “ಕರಾರು ಪತ್ರ ಯಾರು ಬೇಕಾದ್ರೂ ಮಾಡಿಸ್ತಾರೆ ಸರ್. ಇಡೀ ಬೀದಿ ಒಂದೇ ಮಾತು ಹೇಳ್ತಿದೆ. ಮಲ್ಲೇಶ್ವರದಲ್ಲಿ ತಾತನ ಮನೆ ಇಟ್ಕೊಂಡು, ಇಲ್ಲದವರಿಗೆ ಅಂತ ಇಟ್ಟಿದ್ದಕ್ಕೆ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?” ಬೈಕು ಹೊರಟೇ ಹೋಯಿತು. ಸೊಪ್ಪಿನ ಚೀಲ ರಾಯರ ಕೈಯಿಂದ ಜಾರಿ ಕಲ್ಯಾಣಮ್ಮನ ರಂಗೋಲಿಯ ಮೇಲೆ ಬಿತ್ತು.

ಒಳಗೆ ಪ್ರಿಯಂವದಾ ಎಲ್ಲವನ್ನೂ ಕಿಟಕಿಯಿಂದ ನೋಡಿದ್ದರು. (ಹೆಸರೇನೋ ಪ್ರಿಯವಾಗಿ ಮಾತಾಡುವವಳು ಅಂತ. ಹೆಸರಿಟ್ಟವರು ಆಕೆಗೆ ಮದುವೆಯಾಗುವ ಮುಂಚೆ ಇಟ್ಟದ್ದು.)

“ಆಯ್ತಾ? ತೃಪ್ತಿ ಆಯ್ತಾ? ಅಧ್ಯಕ್ಷರಂತೆ ಅಧ್ಯಕ್ಷರು!”

“ನಾನೇನೇ ಮಾಡ್ಲಿ? ಆ ಯಮ್ಮ ಹೋಳಿಗೆ ತಿಂದೆ ಅಂತಿದಾಳೆ!”

“ನನ್ನಪ್ಪ ಬಾಯಿ ಕಟ್ಟಿ ಹೊಟ್ಟೆ ಕಟ್ಟಿ ಆ ಸೈಟು ಕೊಟ್ಟಿದ್ದು, ಮಗಳು ಒಂದು ಸೂರು ಮಾಡ್ಕೊಳ್ಳಲಿ ಅಂತ. ನನಗೆ ಒಂದು ಮೊಳೆ ಹೊಡೆಯೋಕೆ ನನ್ನದು ಅನ್ನೋ ಗೋಡೆ ಬೇಕು ರೀ. ನಿಮ್ಮ ದೊಡ್ಡಸ್ತಿಕೆಗೆ ಅದೂ ಹೋಗಬೇಕಾ?” ಆಕೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ರಾಯರಿಗೆ ಬೈಗುಳ ಅಭ್ಯಾಸವಿತ್ತು, ಇದು ಅಭ್ಯಾಸವಿರಲಿಲ್ಲ.

ಪ್ರಿಯಂವದಾ ಕಣ್ಣೊರೆಸಿಕೊಂಡು ಮುತ್ತುರಾಜನಿಗೆ ಫೋನ್ ಮಾಡಿದರು. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ಧಾಟಿಯಲ್ಲೇ ಹೇಳಿದರು. “ನಾಳೆ ಭಾನುವಾರ ಸಂಘದ ಸಭೆ ಇದೆ. ನೀವು ಬರಬೇಕು. ನಮ್ಮನೆಯವರು ಎಲ್ಲರ ಮುಂದೆ ನಿಜ ಹೇಳ್ತಾರೆ. ಬೀದಿಯವರು ಹೌದು ಅಂದ್ರೆ ರಿಪೋರ್ಟ್ ತಿದ್ದಿ.” ಫೋನ್ ಇಟ್ಟು ರಾಯರ ಕಡೆ ತಿರುಗಿದರು. “ನೀವು ಹೇಳ್ತೀರೋ, ನಾನು ಹೇಳ್ಲೋ?”

ರಾಯರು ರಾತ್ರಿ ಊಟ ಮಾಡಲಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ‘ನಾನು ಬಾಡಿಗೆದಾರ’ ಅಂತ ಅಭ್ಯಾಸ ಮಾಡಿದರು. ಕನ್ನಡಿಯೊಳಗಿನವನಿಗೂ ಅವಮಾನವಾದ ಹಾಗೆ ಕಂಡಿತು.

ಭಾನುವಾರ ಆಂಜಿನಯ್ಯನವರ ಮನೆ ಮುಂದಿನ ಕಾರ್ ಶೆಡ್ಡಿನಲ್ಲಿ ಮಾಲೀಕರೆಲ್ಲ ಸೇರಿದರು. ಚಕ್ಕುಲಿ ಬಂತು, ಕಾಫಿ ಬಂತು. ಹಿಂದಿನ ಕುರ್ಚಿಯಲ್ಲಿ ಮುತ್ತುರಾಜ್ ಬಂದು ಕೂತ. ರಾಯರು ಗಂಟಲು ಸರಿಮಾಡಿಕೊಂಡು ಎದ್ದರು.

“ಸನ್ಮಾನ್ಯ ಮಾಲೀಕ ಬಾಂಧವರೇ, ಭಗಿನಿಯರೇ. ಒಂದು ಘೋರ ಸತ್ಯವನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ. ತಾವು ಕಲ್ಲಿನಿಂದ ಹೊಡೆದರೂ ಸಹಿಸುತ್ತೇನೆ. ಆ ಮನೆ ನನ್ನದಲ್ಲ. ನಾನೊಬ್ಬ... ಬಾಡಿಗೆದಾರ!”

ಕಣ್ಣು ಮುಚ್ಚಿ, ಕೈ ಮುಗಿದು ನಿಂತರು. ಈಗ ಕೂಗಾಡ್ತಾರೆ, ಈಗ ಕುರ್ಚಿ ಬೀಳುತ್ತೆ ಅಂತ ಕಾದರು. ಏನೂ ಆಗಲಿಲ್ಲ. ಯಾರೋ ಕಟುಂ ಅಂತ ಚಕ್ಕುಲಿ ಕಚ್ಚಿದ್ದು ಕೇಳಿಸಿತು. ರಾಯರು ಮೆಲ್ಲಗೆ ಒಂದು ಕಣ್ಣು ತೆರೆದರು.

“ಅಧ್ಯಕ್ಷರೇ, ಆ ಮೂಲೆ ಚರಂಡಿ ವಿಷಯಕ್ಕೆ ಬರೋಣ್ವಾ?” ಅಂದರು ಆಂಜಿನಯ್ಯನವರು.

“ರೀ, ಕೇಳಿಸ್ತೇನ್ರೀ? ನಾನು ಬಾಡಿಗೆಯವನು!”

“ಗೊತ್ತಲ್ಲ ಸ್ವಾಮಿ. ಎಲ್ಲರಿಗೂ ಗೊತ್ತು.”

ರಾಯರು ಕುರ್ಚಿ ಎಲ್ಲಿದೆ ಅಂತ ಕೈಯಲ್ಲಿ ತಡಕಾಡಿ ಕೂತರು. ಕಲ್ಯಾಣಮ್ಮ ಸಮಾಧಾನ ಮಾಡುವ ಹಾಗೆ, “ಹಿತ್ತಲಲ್ಲಿ ಮರ ಇಟ್ಕೊಂಡು ಅಂಗಡೀಲಿ ತೆಂಗಿನಕಾಯಿ ಕೊಳ್ಳೋ ಓನರ್‌ನ ಎಲ್ಲಾದ್ರೂ ನೋಡಿದೀರೇನ್ರೀ? ಹೆಸರಿನ ಕಲ್ಲನ್ನ ತಂತೀಲಿ ಬೇರೆ ಕಟ್ಟಿದೀರಿ” ಅಂದರು.

“ಮತ್ತೆ ನಿನ್ನೆ? ಆ ಗೃಹಪ್ರವೇಶ?”

“ನೀವು ಅಷ್ಟು ಕಣ್ಣು ಮಿಟುಕಿಸ್ತಿದ್ರಲ್ಲ! ಮರ್ಯಾದೆ ಉಳಿಸಿ ಅಂತ ಬೇಡ್ಕೊತಿದಾರೆ, ಪಾಪ ಅಂದ್ಕೊಂಡೆ. ಬೆಳ್ಳಿ ಬಟ್ಟಲು ನಾನೇ ಸೇರಿಸಿದ್ದು. ಕೊಡೋದೇ ಆದ್ರೆ ಚೆನ್ನಾಗಿರೋದೇ ಕೊಟ್ಟಿರ್ಲಿ ಅಂತ.”

“ಬಾಡಿಗೆಯವನು ಅಂತ ಗೊತ್ತಿದ್ದೂ ನನ್ನ ಅಧ್ಯಕ್ಷ ಯಾಕೆ ಮಾಡಿದ್ರಿ?”

ಸಭೆ ನೆಲ ನೋಡಿತು. ಆಂಜಿನಯ್ಯನವರು ತಲೆ ಕೆರೆದುಕೊಂಡರು. “ಬೇಜಾರು ಮಾಡ್ಕೋಬೇಡಿ. ನಿಜವಾದ ಓನರ್‌ಗಳು ಒಬ್ರೂ ಒಪ್ಪಲಿಲ್ಲ. ಬೆಳಗಾಗೆದ್ದು ಕಸದ ಗಾಡಿ ಹಿಂದೆ ಯಾರು ಓಡ್ತಾರೆ ಹೇಳಿ? ನಿಮಗಾದ್ರೆ ಓನರ್ ಅನ್ನಿಸ್ಕೋಬೇಕು ಅಂತ ಎಷ್ಟು ಉತ್ಸಾಹ ಇತ್ತು!”

ಕಸದ ಗಾಡಿಯ ಹಿಂದೆ ಓಡಿದ ಬೆಳಗುಗಳೆಲ್ಲ ರಾಯರ ಕಣ್ಣ ಮುಂದೆ ಸಾಲಾಗಿ ಬಂದವು. “ಯಾರು? ಯಾರು ಹೇಳಿದ್ದು ನಿಮಗೆ ಮೊದಲು?” ಅಂತ ಕ್ಷೀಣವಾಗಿ ಕೇಳಿದರು. ಎಲ್ಲರ ತಲೆ ಒಟ್ಟಿಗೆ ಪ್ರಿಯಂವದಾ ಕಡೆ ತಿರುಗಿತು.

“ಬಂದ ವಾರಾನೇ ಹೇಳಿದ್ದೆ” ಅಂದರು ಆಕೆ, ಚಕ್ಕುಲಿ ತಟ್ಟೆ ಮುಂದಕ್ಕೆ ದಾಟಿಸುತ್ತಾ. “ನಮ್ಮೆಜಮಾನ್ರು ಸ್ವಂತ ಮನೆ ಅಂದ್ರೆ ಹೂಂ ಅಂದ್ಬಿಡಿ, ಅವರಿಗೆ ಬಿ.ಪಿ. ಇದೆ ಅಂತ.”

“ಅಯ್ಯೋ ಪುಣ್ಯಾತ್‌ಗಿತ್ತೀ! ಹಾಗಾದ್ರೆ ನಿನ್ನೆ ನೀನೇ ಹೊರಗೆ ಬಂದು ಹೇಳ್ಬಹುದಿತ್ತಲ್ಲ!”

“ಹೇಳ್ಬಹುದಿತ್ತು. ಈ ಕಾಯಿಲೆ ಹೊಸ ಮನೆಗೂ ಅಂಟಿಕೊಂಡು ಬಂದಿದ್ರೆ ಏನು ಮಾಡೋದು?”

ರಾಯರು ರಾಜೀನಾಮೆ ಅಂದರು. ಸಭೆ ಒಕ್ಕೊರಲಿನಿಂದ ತಿರಸ್ಕರಿಸಿತು. ಹೊಸ ಮನೆ ಮುಗಿಯೋವರೆಗೂ ಚರಂಡಿ ಅವರದ್ದೇ ಅಂತ ತೀರ್ಮಾನವಾಯಿತು. ನಗು ತಡೆದುಕೊಂಡು ಕೆಂಪಗಾಗಿದ್ದ ಮುತ್ತುರಾಜ್ ಮುಂದೆ ಬಂದು, “ರಿಪೋರ್ಟ್ ಸರಿ ಮಾಡ್ತೀನಿ ಮೇಡಂ” ಅಂದ.

ಆ ಮಾತು ಕೇಳಿ ರಾಯರಿಗೆ ಮತ್ತೆ ಉಸಿರು ಬಂತು. ಎದೆಯೂ ಒಂದಿಷ್ಟು ಉಬ್ಬಿತು. “ಹಾಗಾದ್ರೆ ಇನ್ನು ನಾನು ನಿಜವಾದ ಮನೆ ಓನರ್ ಅನ್ನಿ!”

“ನೀವಲ್ಲ ಸರ್. ಸೈಟು ಮೇಡಂದು. ಸಾಲ ಮೇಡಂ ಹೆಸರಲ್ಲಿ. ಮನೆ ಮೇಡಂದು.”

“ಮತ್ತೆ ನಾನು?”

ಮುತ್ತುರಾಜ್ ಸ್ವಲ್ಪ ಯೋಚಿಸಿ, “ಜೊತೆಗಿರೋರು” ಅಂದ.

ಮತ್ತಿಕೆರೆಯ ಆಚೆ ಮನೆ ಎದ್ದಿತು. ಪುಟ್ಟದು, ಆದರೆ ಮೇಡಂದು. ‘ಸಂಕರ್ಷಣ ನಿಲಯ’ದ ಕಲ್ಲನ್ನೂ ರಾಯರು ಆಸೆಯಿಂದ ಟೆಂಪೋಗೆ ಹಾಕಿಸಿಕೊಂಡು ಬಂದರು. ಪ್ರಿಯಂವದಾ ಅದನ್ನು ಹಿತ್ತಲಲ್ಲಿ ನಲ್ಲಿಯ ಕೆಳಗೆ, ಅಕ್ಷರ ಮೇಲೆ ಬರುವ ಹಾಗೆ ಹಾಕಿಸಿದರು. ಕೆತ್ತನೆ ಇದ್ದರೆ ಕಾಲರಿನ ಕೊಳೆ ಚೆನ್ನಾಗಿ ಹೋಗುತ್ತದಂತೆ.

ಮೊನ್ನೆ ಭಾನುವಾರ ರಾಯರು ಆ ಕಲ್ಲಿನ ಮೇಲೆ ತಮ್ಮ ಶರ್ಟು ಕುಕ್ಕುತ್ತಾ ಕೂತಿದ್ದಾಗ ಪಕ್ಕದ ಕಾಂಪೌಂಡಿನ ಮೇಲಿಂದ ಒಬ್ಬರು ಇಣುಕಿದರು. “ನಮಸ್ಕಾರ. ಹೊಸದಾಗಿ ಬಂದ್ರಾ? ಈ ಬೀದೀಲೂ ಮನೆ ಮಾಲೀಕರ ಸಂಘ ಅಂತ ಮಾಡಿದೀವಿ. ಅಧ್ಯಕ್ಷ ಸ್ಥಾನ ಖಾಲಿ ಇದೆ. ತಾವು ಓನರ್ ತಾನೇ?”

ರಾಯರ ಬಾಯಿ ಹಳೇ ಅಭ್ಯಾಸದಂತೆ ತೆರೆದುಕೊಂಡಿತು. ಅದೇ ಹೊತ್ತಿಗೆ ಒಳಗಿನಿಂದ ಠಣ್ ಠಣ್ ಅಂತ ಸದ್ದು ಕೇಳಿಸಿತು.

“ಅಲ್ಲ ಸ್ವಾಮಿ, ನಾನು ಜೊತೆಗಿರೋನು” ಅಂದರು ರಾಯರು. “ಓನರ್ ಒಳಗೆ ಮೊಳೆ ಹೊಡೀತಿದಾರೆ.”